ಪಾಟೀಲರ ಜಿಂಕೆ ಬೇಟೆ

ಮೊಟ್ಟೆ ಕೂಡ ಮುಟ್ಟದ ಧಾರವಾಡದ ಡಾಕ್ಟರ್ ಪಾಟೀಲರಿಗೆ ಜಿಂಕೆ ಹೊಡೆಯುವ ಹುಚ್ಚು ಹತ್ತಿದ್ದು, ಅಮೆರಿಕದ ಷಡ್ಡಕ ಸತ್ತ ಜಿಂಕೆಯ ಪಕ್ಕ ಬಿಲ್ಲು ಹಿಡಿದು ನಿಂತ ಫೋಟೋ ಕಳಿಸಿದ ಮೇಲೆ. ನಮ್ಮದು ಒಂದೇ ಆಸ್ಪತ್ರೆ, ಇಂಗ್ಲಿಷರ ನಾಡಿನ ಕ್ವೀನ್ಸ್‌ಬರಿಯಲ್ಲಿ ಅಕ್ಕಪಕ್ಕದ ಮನೆ. ಹಾಗಾಗಿ ಬಿಲ್ಲಿನಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

ಎರಡೂ ತುದಿಗೆ ರಾಟೆಯಿರುವ ಕಾಂಪೌಂಡ್ ಬಿಲ್ಲೇ ಬೇಕಂತೆ, ಅದೂ ಸೋವಿಯದು. ಅಂಗಡಿಯ ಮುದುಕ ಪಾಪ, ಇವರ ತೋಳಿನ ಅಳತೆ ತೆಗೆದು, ಹೊಸಬರಿಗೆ ಹಗುರವಾದದ್ದೇ ಸರಿ ಎಂದ.

"ಅದ ರೇಟಿಗೆ ಬಿರುಸಿಂದು ಸಿಗತದೇನು ಕೇಳ್ರಿ," ಎಂದು ಪಾಟೀಲರು ನನ್ನ ಕಿವಿಯಲ್ಲಿ ಉಸುರಿದರು.

ಒಂದು ಗಂಟೆ ಚೌಕಾಸಿ ಆಯಿತು. ಕೊನೆಗೆ ಸೋತ ಮುದುಕ, "ಯಾವ ಬಿಲ್ಲುಗಾರರ ಕ್ಲಬ್ಬು ಸರ್?" ಎಂದು ಕೇಳಿದ.

"ಕ್ಲಬ್ಬಲ್ಲ, ಜಿಂಕೆಗೆ," ಎಂದರು ಪಾಟೀಲರು.

ಮುದುಕ ಬಿಲ್ಲನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. "ಈ ದೇಶದಲ್ಲಿ ಬಿಲ್ಲಿನಿಂದ ಜಿಂಕೆ ಹೊಡೆಯೋದು ಅಪರಾಧ ಸರ್."

ಷಡ್ಡಕನ ಮುಂದೆ ಮಾನ ಹೋಗುವ ಹೊತ್ತು. ಪಾಟೀಲರು ಗಂಟಲು ಸರಿಮಾಡಿಕೊಂಡು, "ಕಾಗದದ ಜಿಂಕಿಗೆ ಹೊಡದ್ರ ನಡೀತದೇನು ಕೇಳ್ರಿ," ಎಂದರು.

ನಡೆಯುತ್ತದಂತೆ. ಬಿಲ್ಲು ಕೊಂಡು ತಂದು, ಜಿಂಕೆಯ ಚಿತ್ರವನ್ನು ನಮ್ಮಿಬ್ಬರ ಮನೆಗಳ ನಡುವಿನ ಬೇಲಿಗೆ ಅಂಟಿಸಿದರು.

ಆ ಜಿಂಕೆ ಇವತ್ತಿಗೂ ಸುಖವಾಗಿದೆ. ನನ್ನ ಗ್ಯಾರೇಜಿನ ಬಾಗಿಲಿಗೆ ಮಾತ್ರ ಏಳು ತೂತು. ಕಾಯಿದೆ ಬರೆದ ಮಹಾನುಭಾವರಿಗೆ ಜಿಂಕೆ ನೆನಪಾಯಿತು, ಪಕ್ಕದ ಮನೆಯವನು ನೆನಪಾಗಲಿಲ್ಲ.