ಟೊಲೆಡೊ ಕತ್ತಿಯ ತುದಿ

ವೀರೇಶ, ನಿನ್ನ ಅಂಗೈಗೆ ನೆಟ್ಟಿದ್ದು ನಿನ್ನ ತಗಡಿನ ಕತ್ತಿಯಲ್ಲ, ನನ್ನ ಕತ್ತಿ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು — ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಹಡಗಿನ ಕೆಲಸದಲ್ಲಿದ್ದ ನನ್ನ ಸೋದರಮಾವ ಸ್ಪೇನಿನಿಂದ ತಂದಿದ್ದ ಕತ್ತಿ ಅದು. ಅಲ್ಲಿನ ಸೇನಾಧಿಕಾರಿಗಳು ಮೆರವಣಿಗೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಹಿತ್ತಾಳೆಯ ಹಿಡಿ, ಬೆರಳು ಕಾಯುವ ಚಿಪ್ಪಿನ ಮೇಲೆ ಕಿರೀಟ, ಕೋಟೆ, ಸಿಂಹ. ನೆಟ್ಟಗಿನ ಸಪೂರ ಅಲಗಿನ ಬುಡದಲ್ಲಿ ಟೊಲೆಡೊ ಎಂಬ ಊರಿನ ಹೆಸರು. ಅಲಗಿಗೆ ಸಾಣೆ ಹಿಡಿದಿರಲಿಲ್ಲ. ಆದರೆ ತುದಿ — ತುದಿ ದಬ್ಬಳದ ಹಾಗಿತ್ತು. ಅದಕ್ಕೇ ನಾಟಕದ ಮೇಷ್ಟ್ರು ಬಟ್ಟೆ ಸುತ್ತಿ, ಬೆಳ್ಳಿ ಕಾಗದ ಅಂಟಿಸಿ ಮಾಡಿದ ಗುಂಡಿಯೊಂದನ್ನು ತುದಿಗೆ ಟೋಪಿಯ ಹಾಗೆ ತೊಡಿಸಿದ್ದರು.

ಆದೋನಿಯ ಹತ್ತಿ ಗೋದಾಮಿನಲ್ಲಿ ಅಂದು ಕೊನೆಯ ತಾಲೀಮು. ನಾನು ಸೇನಾಪತಿ, ನೀನು ಬಂಡಾಯಗಾರ. ವೇಷ ಹಾಕಿದ ಮೇಲೆ ನನಗೆ ಫೋನಿನಲ್ಲಿ ಫೋಟೊ ತೆಗೆಸಿಕೊಳ್ಳುವ ಚಪಲ. ಆ ಗುಂಡಿ ಅಸಹ್ಯವಾಗಿ ಕಂಡಿತು, ಕಿತ್ತು ಜೇಬಿಗಿಟ್ಟೆ. ಅಷ್ಟರಲ್ಲಿ ನಮ್ಮ ದೃಶ್ಯಕ್ಕೆ ಕರೆದರು. ಮರೆತೆ ಎಂದರೆ ಸುಳ್ಳಾದೀತು. ಹೊಳೆಯುವ ಕತ್ತಿ ಹಿಡಿದು ಒಮ್ಮೆ ಆಡಬೇಕೆನಿಸಿತು, ಅಷ್ಟೇ — ಬೀಸಬೇಕಾದ ಕಡೆ ತಿವಿದೆ.

ನೀನು ಎಡಗೈ ಅಡ್ಡ ತಂದೆ, ಕೂಗಿ ನಿನ್ನ ತಗಡಿನ ಕತ್ತಿಯ ಮೇಲೆಯೇ ಬಿದ್ದೆ. ಎಲ್ಲರೂ ನಿನ್ನ ಸುತ್ತ ನೆರೆದರು. ನಾನು ಕಂಬದ ಹಿಂದೆ ಸರಿದೆ. ತುದಿಯ ರಕ್ತವನ್ನು ಅಂಗಿಯ ಒಳಮಗ್ಗುಲಿಗೆ ಒರೆಸಿದೆ. ಜೇಬಿನಿಂದ ಗುಂಡಿ ತೆಗೆದು ಮತ್ತೆ ತೊಡಿಸಿದೆ. ಅಷ್ಟರಲ್ಲೇ ಮೇಷ್ಟ್ರು ಬಂದು ಕತ್ತಿ ಕಸಿದುಕೊಂಡರು. ತುದಿ ಮುಟ್ಟಿ ನೋಡಿದರು.

"ಇದರ ಗುಂಡಿ ಇಲ್ಲೇ ಐತಲ್ಲ! ಅವನೇ ತನ್ನ ತಗಡಿನ ಕತ್ತಿ ಮ್ಯಾಲೆ ಬಿದ್ದಾನ," ಎಂದರು.

ನೀನು ನನ್ನ ಮುಖ ನೋಡಿ, "ಬಿಡ್ರಿ ಸಾರ್, ನಾನೇ ಒಂದು ಹೆಜ್ಜಿ ಮುಂದ ಬಂದೀನಿ," ಎಂದೆ.

ನೀನು ಬಂದಿರಲಿಲ್ಲ. ನಿಂತಲ್ಲೇ ನಿಂತಿದ್ದೆ. ನಾನು ಮಾತ್ರ...

ಈಗ ಮಗ್ಗದಲ್ಲಿ ಕೂತರೆ ಹರಿದ ಎಳೆಗೆ ಗಂಟು ಹಾಕಲು ನಿನ್ನ ಹೆಬ್ಬೆರಳು ಮಡಚುವುದಿಲ್ಲ. ಹೋದ ವಾರ ಎಮ್ಮಿಗನೂರಿನ ಸಂತೆಯಲ್ಲಿ ನಿನ್ನ ಹೆಂಡತಿ ಈರಮ್ಮ ನನ್ನೆದುರಿಗೇ ನಿನ್ನನ್ನು ಬೈದಳು: "ಏನ್ ಮಾಡಾಣ ಸಾರ್, ಇವರೇ ಮುಂದ ನುಗ್ಗಿ ಕೈ ಕಳಕಂಡ್ರು. ಮಗ್ಗದ ಕೆಲಸ ಎಲ್ಲಾ ನನ್ನ ತಲಿ ಮ್ಯಾಲೆ ಐತಿ." ನೀನು ತಲೆ ತಗ್ಗಿಸಿ ನಿಂತಿದ್ದೆ. ನಾನು "ಹೌದಮ್ಮಾ" ಅಂದೆ. ಹೌದಮ್ಮಾ ಅಂದುಬಿಟ್ಟೆ, ವೀರೇಶ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾಳೆ ನಿಮ್ಮ ಮನೆಗೆ ಬರುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ — ಆ ಬೈಗುಳ ನನಗೆ ಸೇರಬೇಕಾದದ್ದೆಂದು ಈರಮ್ಮನಿಗೆ ಹೇಳುವುದಕ್ಕೆ.