ವಿಚಲನಮ್ಮನ ಲೆಕ್ಕಕ್ಕೆ ಸಿಗದವರು

ಎದುರಿಗೆ ಮೇಡಂ, ಬೆನ್ನ ಹಿಂದೆ ವಿಚಲನಮ್ಮ. ಕಚೇರಿಯಲ್ಲಿ ಅವಳಿಗೆ ಇದ್ದ ಹೆಸರು ಇವೆರಡೇ. ಹೊಸ ವೆಬ್‌ಸೈಟಿನ ಮೇಲೆ ಸುಳ್ಳು ಬಳಕೆದಾರರ ಹಿಂಡನ್ನು ನುಗ್ಗಿಸಿ, ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವುದು ಅವಳ ಕಸುಬು. ನಿಜವಾದ ಜನ ಬರುವ ಮೊದಲೇ, ಅದು ತಡೆಯುತ್ತದೋ ಮಗುಚಿ ಬೀಳುತ್ತದೋ ಹೇಳಬೇಕು. ಮ್ಯಾನೇಜರನಿಗೆ ಬೇಕಾದದ್ದು ಒಂದೇ ಅಂಕಿ, ಸರಾಸರಿ. ಅದು ಚಿಕ್ಕದಿದ್ದರೆ ಅವನ ಮುಖ ಊರಗಲ ಆಗುತ್ತಿತ್ತು. ಇವಳು ಮಾತ್ರ "ಡೀವಿಯೇಶನ್ ಎಷ್ಟಿದೆ ನೋಡಿದ್ರಾ ಸಾರ್?" ಎಂದು ಅಡ್ಡಗಾಲು ಹಾಕುವವಳು. ಡೀವಿಯೇಶನ್ ಎಂದರೆ ವಿಚಲನ, ಒಬ್ಬೊಬ್ಬರು ಕಾದ ಹೊತ್ತು ಸರಾಸರಿಯಿಂದ ಎಷ್ಟು ಅತ್ತಿತ್ತ ಚದುರಿದೆ ಎಂಬ ಲೆಕ್ಕ. ಇಡೀ ಕಚೇರಿಯ ತಲೆ ತಿಂದು ಸಂಪಾದಿಸಿದ ಹೆಸರದು, ಪುಕ್ಕಟೆ ಬಂದದ್ದಲ್ಲ.

ಅವಳಿಗೆ ತನ್ನವನೆಂದು ಇದ್ದವನು ಒಬ್ಬ ಅಣ್ಣ. ಬಸ್ಸು ಓಡಿಸುತ್ತಿದ್ದವನು, ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಮನೆ ಸೇರಿದ್ದ. ಡಯಾಲಿಸಿಸ್ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಯಂತ್ರಗಳು ಕಡಿಮೆ, ಕಾಯುವವರು ಹೆಚ್ಚು. ಪ್ರತಿ ವಾರ ಅತ್ತಿಗೆ ಬೆಳಕು ಹರಿಯುವ ಮೊದಲೇ ಹೋಗಿ, ನೋಯುವ ಮಂಡಿಯಲ್ಲೇ ಕೌಂಟರಿನ ಮುಂದೆ ಸಾಲು ನಿಂತು, ಗಂಡನಿಗೆ ಆ ವಾರದ ಸರದಿ ಹಿಡಿದು ಬರುತ್ತಿದ್ದರು. ಒಂದು ಸಲವೂ ತಪ್ಪಿಸಿದವರಲ್ಲ.

ಅದೇ ಆಸ್ಪತ್ರೆ ಸರದಿ ಕೊಡಲು ವೆಬ್‌ಸೈಟ್ ಮಾಡಿಸಿ ಪರೀಕ್ಷೆಗೆ ಕಳಿಸಿದ್ದು ಇವಳ ಕಚೇರಿಗೇ. ಅರ್ಧ ಸರದಿಗಳು ಫೋನಿನಲ್ಲಿ ವೆಬ್‌ಸೈಟ್ ತೆರೆದವರಿಗೆ, ಅರ್ಧ ಎಂದಿನಂತೆ ಕೌಂಟರಿನಲ್ಲಿ. ಮೊದಲ ಪರೀಕ್ಷೆಯಲ್ಲಿ ಸರಾಸರಿ ಎರಡು ಸೆಕೆಂಡು ಬಂತು. ಮ್ಯಾನೇಜರ್ ಕುಣಿದಾಡಿದ. ಆದರೆ ಡೀವಿಯೇಶನ್ ಒಂಬತ್ತು ಸೆಕೆಂಡು.

"ಸರಾಸರಿಗಿಂತ ಡೀವಿಯೇಶನ್ನೇ ನಾಲ್ಕು ಪಟ್ಟು ಜಾಸ್ತಿ ಇದೆ ಸಾರ್. ಹೆಚ್ಚುಕಮ್ಮಿ ಎಲ್ರಿಗೂ ಕಣ್ಣು ಮಿಟುಕಿಸೋದ್ರಲ್ಲಿ ಪುಟ ತೆರೆಯುತ್ತೆ. ಯಾರೋ ಕೆಲವರು ಮುಕ್ಕಾಲು ನಿಮಿಷ ಬಾಯಿ ಬಿಟ್ಕೊಂಡು ಕೂತಿರ್ತಾರೆ. ಅಷ್ಟರಲ್ಲಿ ಸರದಿ ಎಲ್ಲ ಖಾಲಿ."

"ಕೆಲವರು ತಾನೆ ಮೇಡಂ?"

"ಆ ಕೆಲವರೂ ಪೇಷಂಟುಗಳೇ," ಎಂದಳು. ಜಗಳವಾಡಿಯೇ ರಿಪೇರಿಗೆ ವಾಪಸ್ ಕಳಿಸಿದಳು.

ಅಂದು ಸಂಜೆ ಅಣ್ಣನ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಅವನು ನಕ್ಕ. "ನಮ್ಮ ಡಿಪೋದಲ್ಲೂ ಇದೇ ಕಥೆ ಕಣಮ್ಮ. ಹತ್ತು ನಿಮಿಷಕ್ಕೊಂದು ಬಸ್ಸು ಅಂತ ಬೋರ್ಡು. ಬಂದ್ರೆ ಮೂರು ಒಟ್ಟಿಗೆ, ಇಲ್ದಿದ್ರೆ ಅರ್ಧ ಗಂಟೆ ಒಂದೂ ಇಲ್ಲ. ಬೈಸಿಕೊಳ್ಳೋನು ಡ್ರೈವರು."

ರಿಪೇರಿ ಮುಗಿಸಿ ತಂದವರು ಎಲ್ಲ ಸರಿಹೋಯಿತೆಂದರು. ಎರಡನೇ ಪರೀಕ್ಷೆಯಲ್ಲಿ ಸರಾಸರಿ ಅರ್ಧ ಸೆಕೆಂಡು, ಡೀವಿಯೇಶನ್ ಅದಕ್ಕೂ ಕಡಿಮೆ. ಅವಳ ಕಣ್ಣು ಅಲ್ಲೇ ನಿಂತಿತು. ಇಷ್ಟು ವರ್ಷ ಸರಾಸರಿಯನ್ನು ಅನುಮಾನಿಸಿದವಳು ಡೀವಿಯೇಶನ್ನನ್ನು ಕಣ್ಣು ಮುಚ್ಚಿ ನಂಬಿದಳು. ಪರೀಕ್ಷೆ ಪದೇ ಪದೇ ಸಿಕ್ಕಿಕೊಳ್ಳುತ್ತದೆಂದು ಪಕ್ಕದ ಮೇಜಿನವನು ಈ ಸಲ ಒಂದು ಗಡುವು ಹಾಕಿದ್ದ: ಹತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಆ ಬಳಕೆದಾರನನ್ನು ಕೈಬಿಡುವುದು. ಇವಳಿಗೆ ಹೇಳಿಯೂ ಇದ್ದ, ಇವಳು ಹೂಂಗುಟ್ಟಿದ್ದಳು. ಹಾಗೆ ಕೈಬಿಟ್ಟ ಬಳಕೆದಾರರು ಸರಾಸರಿಗೂ ಸೇರುವುದಿಲ್ಲ, ಡೀವಿಯೇಶನ್ನಿಗೂ ಸೇರುವುದಿಲ್ಲ. ಪರದೆಯ ಬಲತುದಿಯ ಇನ್ನೊಂದು ಕಾಲಮ್ಮಿಗೆ ಹೋಗಿ ಬೀಳುತ್ತಾರೆ. ಪರದೆಯನ್ನು ಒಂದಿಷ್ಟು ಸರಿಸಿದ್ದರೆ ಕಾಣುತ್ತಿತ್ತು. ಅವಳು ಸರಿಸಲಿಲ್ಲ, ವೆಬ್‌ಸೈಟಿಗೆ ಒಪ್ಪಿಗೆ ಬರೆದುಕೊಟ್ಟಳು. ಇಂಥ ತಪ್ಪನ್ನು ದಡ್ಡರು ಮಾಡುವುದಿಲ್ಲ, ಬಲ್ಲವರೇ ಮಾಡುತ್ತಾರೆ.

ಖುಷಿಯಲ್ಲಿ ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಫೋನಿನಲ್ಲಿ ಎಲ್ಲ ಜೋಡಿಸಿಕೊಟ್ಟಳು. "ಇನ್ಮೇಲೆ ಸಾಲಿಗೆ ಹೋಗ್ಬೇಡಿ ಅತ್ತಿಗೆ. ನಾನೇ ಪರೀಕ್ಷೆ ಮಾಡಿದ್ದೀನಿ. ಮನೇಲೇ ಕೂತು ಒತ್ತಿ, ಸಾಕು."

"ಹೋಗಿ ನಿಂತ್ಕೊಳ್ಳೋದೇ ವಾಸಿ ಅನ್ಸುತ್ತೆ ಕಣೆ," ಎಂದರು ಅತ್ತಿಗೆ.

"ನನ್ನ ಮೇಲೆ ನಂಬಿಕೆ ಇಲ್ವಾ?"

ಅತ್ತಿಗೆ ನಂಬಿದರು.

ಸರದಿ ತೆರೆದ ಬೆಳಿಗ್ಗೆ ಅತ್ತಿಗೆಯ ಫೋನಿನಲ್ಲಿ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಪುಟ ತೆರೆಯುವ ಹೊತ್ತಿಗೆ ವಾರವೆಲ್ಲ ಭರ್ತಿ. ಓಡಿಹೋದರೆ ಕೌಂಟರಿನಲ್ಲೂ ಮುಗಿದಿತ್ತು. ಯಾರಾದರೂ ತಪ್ಪಿಸಿದರೆ ಕರೆಯುತ್ತೇವೆಂದರು. ಇವಳು ಕಂಡಕಂಡವರಿಗೆಲ್ಲ ಫೋನು ಮಾಡಿ ಕೈಮುಗಿದಳು. ಯಾರೂ ಕರೆಯಲಿಲ್ಲ. ಅಣ್ಣನ ಕಾಲು ಬಾತವು, ಮುಖ ಬಾತಿತು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತೇ ಇದ್ದ. ಕೊನೆಗೆ ತುರ್ತು ವಿಭಾಗಕ್ಕೆ ಹೊತ್ತುಕೊಂಡು ಹೋದರು. ಯಂತ್ರ ಬಿಡುವಾಗುವ ಹೊತ್ತಿಗೆ ಅವನಿರಲಿಲ್ಲ.

ಮಣ್ಣು ಮುಗಿಸಿ ಬಂದು ಕೆಲ ದಿನಗಳ ಮೇಲೆ ಅವಳು ಹಳೆಯ ಫಲಿತಾಂಶ ತೆರೆದು ಪರದೆಯನ್ನು ಬಲಕ್ಕೆ ಸರಿಸಿದಳು. ನೂರಕ್ಕೆ ಐದು ಮಂದಿಗೆ ಉತ್ತರವೇ ಬಂದಿರಲಿಲ್ಲ. ಯಾವುದೂ ರಿಪೇರಿ ಆಗಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳಿಂದಾಗಲಿಲ್ಲ. ಅತ್ತಿಗೆ ಅಣ್ಣನ ಅಂಗಿಗಳನ್ನು ಮಡಿಸುತ್ತ ಕೂತಿದ್ದಾಗ ಎದುರು ಕೂತು, ಅಡಗಿಸದೆ ಎಲ್ಲವನ್ನೂ ಹೇಳಿದಳು.

ಅತ್ತಿಗೆ ಮಡಿಸುವುದನ್ನು ನಿಲ್ಲಿಸಿದರು. "ಅಂದ್ರೆ, ಎಲ್ಲ ಚೆನ್ನಾಗಿದೆ ಅಂತ ನೀನು ಹೇಳಿದಾಗ, ನಮ್ಮಂಥೋರನ್ನ ಎಣಿಸೇ ಇರ್ಲಿಲ್ವಾ?"

"ಇಲ್ಲ ಅತ್ತಿಗೆ."

ಅತ್ತಿಗೆ ಅರ್ಧ ಮಡಿಸಿದ ಅಂಗಿಯನ್ನು ಪೂರ್ತಿ ಮಡಿಸಿ, ಉಳಿದವುಗಳ ಮೇಲಿಟ್ಟು, ಎದ್ದು ಬಾಗಿಲು ತೆರೆದು ಹಿಡಿದರು.

"ನಾನು ಕರೆಯೋ ತನಕ ಈ ಕಡೆ ಬರ್ಬೇಡ," ಎಂದರು.