ಟೆಲಿಫೋನು ನೀರು ಕುಡಿಯುತ್ತದೆಯೇ?

ಸತ್ತವರಿಗೆಂದು ಒಯ್ದ ಸೀರೆಯನ್ನು ಸತ್ತವರೇ ಬಿಡಿಸಿ ನೋಡಿ, “ಅಂಚು ಛಲೋ ಐತಿ, ಯಾರ ಸಲುವಾಗಿ ತಂದಿ?” ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ಹೋದ ಗುರುವಾರ ಮಸ್ಕಿಯಲ್ಲಿ ನನಗೆ ಈ ಪ್ರಶ್ನೆ ಬಂತು.

ನಾನು ಲಿಂಗಸುಗೂರಿನ ಕಚೇರಿಯಲ್ಲಿ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವವನು, ನಿಮಗೆ ಗೊತ್ತೇ ಇದೆ. ಈಚೆಗೆ ನಮ್ಮ ಕಚೇರಿಯಿಂದ ಮಸ್ಕಿಯ ಚಾವಡಿಗೆ ಟೆಸ್ಟ್‌ಗೆಂದು ಒಂದು ಟೆಲಿಫೋನ್ ಲೈನ್ ಎಳೆದಿದ್ದಾರೆ. ಇದನ್ನು ಸಿಂಧನೂರಿನವರೆಗೆ ಒಯ್ಯಬಹುದೇ, ಜನ ಬಳಸುತ್ತಾರೆಯೇ, ಮುಂದೆ ಇದರ ಗತಿ ಏನು, ರಿಪೋರ್ಟ್ ಬರೆದುಕೊಡು ಎಂದರು ಸಾಹೇಬರು. (ನಾಳಿನ ಮಳೆ ಹೇಳಲು ಬಾರದವನಿಗೆ ಎಂಥ ಕೆಲಸ ನೋಡಿ!)

ಬರೆದೆ. ಏನು ಗತ್ತಿನಿಂದ ಬರೆದೆ ಅಂತೀರಿ! “ನಡೆಯುವುದಿಲ್ಲ” ಎಂದೇ ಶುರು. ತಂತಿಯ ಕಂಬಗಳನ್ನು ರೈತರು ಕಿತ್ತೊಯ್ದು ಬಂಡಿಯ ಮೂಕಿಮರ ಮಾಡಿಕೊಳ್ಳುತ್ತಾರೆ. ನಮ್ಮ ಜನ ಮುಖ ನೋಡದೆ ಮಾತಾಡುವವರಲ್ಲ. ಊಟ ಆಯಿತೇ, ಎಮ್ಮೆ ಈಯಿತೇ ಎಂದು ಕೇಳಿ ಮುಗಿಸುವಷ್ಟರಲ್ಲಿ ಬ್ಯಾಟರಿ ಖಾಲಿ. ಇನ್ನೇನು ಸಹಿ ಹಾಕಬೇಕು, ಮೂಲೆಯ ಪೆಟ್ಟಿಗೆ ಗಣಗಣ ಎಂದಿತು. ಕರೆ ನನಗೇ!

ಆ ತುದಿಯಲ್ಲಿ ಮೆಹಬೂಬ. ಮಸ್ಕಿ ಚಾವಡಿಯ ಕಾವಲುಗಾರ, ನನ್ನ ಸೋದರತ್ತೆ ಗೌರಮ್ಮನ ಪಕ್ಕದ ಮನೆಯವನು.

“ಅಣ್ಣಾರ, ಗೌರತ್ತಿಗೆ ಜ್ವರ ಬಂದು ಮೈ ಸುಡಾಕತ್ತೈತ್ರಿ. ಲಗೂನ ಬರ್ರಿ.”

ಇದು ಬರೀ ಜ್ವರದ ಸುದ್ದಿಯಲ್ಲ ಎಂದುಕೊಂಡೆ. ಯಾಕೆ ಅಂತೀರಾ? ನಮ್ಮ ಕಡೆ ಸಾವಿನ ಸುದ್ದಿ ತಂದವನು ಸಾವಿನ ಹೆಸರು ಎತ್ತುತ್ತಾನೆಯೇ? ಏನೋ ಒಂದು ಹೇಳುತ್ತಾನೆ. ಮನೆಯವರು ಅವನ ಮಾತು ಕೇಳುವುದಿಲ್ಲ, ಅವನ ಮುಂದಿಟ್ಟ ತಂಬಿಗೆ ನೋಡುತ್ತಾರೆ. ನೀರು ಕುಡಿದನೋ, ಜೀವ ಇದೆ. ಮುಟ್ಟಲಿಲ್ಲವೋ, ಮುಗಿಯಿತು. ನಮ್ಮ ಕಾಕಾ ತೀರಿಕೊಂಡಾಗ ಪಾಮನಕಲ್ಲೂರಿನಿಂದ ಬಿರುಬಿಸಿಲಲ್ಲಿ ನಡೆದು ಬಂದವನು ಬಾಯಿ ಒಣಗಿಸಿಕೊಂಡು ಅಂಗಳದಲ್ಲೇ ನಿಂತಿದ್ದ. ಒಂದು ಗುಟುಕು ಮುಟ್ಟಲಿಲ್ಲ.

ಈಗ ಫೋನಿಗೆ ತಂಬಿಗೆ ಹಿಡಿಯುವುದು ಹೇಗೆ?

ಕೇಳಿಯೇಬಿಟ್ಟೆ. “ಮೆಹಬೂಬ, ನೀ ನೀರು ಕುಡದೀಯೇನು?”

“ಇಲ್ರೀ” ಎಂದ. ಲೈನ್ ಕಟ್.

ಮುಗಿಯಿತು. ಸೋದರತ್ತೆಗೆ ತವರು ಎಂದರೆ ನಮ್ಮ ಮನೆಯೇ. ಕೊನೆಯ ಸೀರೆ ತವರಿನದೇ ಆಗಬೇಕು. ಅರಿವೆ ಅಂಗಡಿಗೆ ಓಡಿದೆ. ಸೀರೆ, ಹೂವು, ಊದಿನಕಡ್ಡಿ ಕಟ್ಟಿಸಿಕೊಂಡೆ. ದಾರಿಯಲ್ಲಿ ದವಾಖಾನೆ. ಡಾಕ್ಟರ್ ಬಾಗಿಲಲ್ಲೇ ನಿಂತಿದ್ದರು. ಕೈಮುಗಿದು ಮುಂದೆ ಹೋದೆ! ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ತಾಯಿಯಿಲ್ಲದ ನನಗೆ ತುತ್ತು ಮಾಡಿ ಉಣಿಸಿದವಳು ಗೌರತ್ತೆ.

ಮಸ್ಕಿಯಲ್ಲಿ ಅಂಗಳದ ತುಂಬ ಜನ ಇರಬೇಕಿತ್ತು. ಒಂದು ಕೋಳಿ ಇತ್ತು. ಒಳಗೆ ಗೌರತ್ತೆ ಕೌದಿ ಹೊದ್ದು ನಡುಗುತ್ತಿದ್ದಳು. ಕಣ್ಣು ತೆರೆದವಳೇ, “ಬಂದ್ಯಾ? ಡಾಕ್ಟರ್ ಎಲ್ಲಿ?” ಎಂದಳು.

ಚೀಲವನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. ಹೂವಿನ ವಾಸನೆಯನ್ನು ಎಲ್ಲಿ ಮುಚ್ಚಲಿ?

ಮೆಹಬೂಬ ಹಣೆ ಬಡಿದುಕೊಂಡ. “ಡಾಕ್ಟರ್‌ನ ಕರ್ಕೊಂಡ ಬರ್ತೀರಂತ ತಿಳಕೊಂಡೀನ್ರಿ ನಾ! ಇದು ರಂಜಾನ್ ಐತ್ರೀ ಅಣ್ಣಾರ. ಹಗಲಿನ್ಯಾಗ ನೀರು ಹೆಂಗ ಕುಡೀಲಿ?”

ನಾಚಿಕೆಯಿಂದ ಸತ್ತೆ. ಊರಿನ ಅರ್ಧ ಜನ ರೋಜಾ ಹಿಡಿದಿದ್ದಾರೆ, ನಮ್ಮ ಸಾಹೇಬರೂ ಹಿಡಿದಿದ್ದಾರೆ. ನನಗೆ ಮಾತ್ರ ನೆನಪಿಲ್ಲ. ಅತ್ತೆಯ ಮೈ ಮುಟ್ಟಿದರೆ ಕಾದ ಹಂಚು.

ಚಾವಡಿಗೆ ಓಡಿದೆವು. ಲಿಂಗಸುಗೂರಿನಲ್ಲಿ ನನ್ನ ಜೊತೆಯ ಗುಮಾಸ್ತ ಫೋನ್ ಎತ್ತಿದ. “ಗೌರತ್ತಿಗೆ ಜ್ವರ ಏರೇತಿ, ಡಾಕ್ಟರ್‌ನ ಕಳಸು” ಎಂದೆ. ಅವನು ಮೆಲ್ಲಗೆ, “ಸಮಾಧಾನ ಮಾಡ್ಕೋರಿ. ನೀವು... ನೀರು ಏನರ ಕುಡದೀರೇನು?”

ನಗಬೇಕೋ ಅಳಬೇಕೋ? ಮೆಹಬೂಬ ತಾನೇ ಕೊಡದಿಂದ ತಂಬಿಗೆ ತುಂಬಿಸಿ ತಂದ. ಪಾಪ, ಅವನ ತುಟಿ ಒಣಗಿತ್ತು. ನಾನು ಫೋನಿನ ಬಾಯಿಗೆ ಬಾಯಿ ಹಚ್ಚಿ, ಇಡೀ ತಂಬಿಗೆಯನ್ನು ಗಟಗಟ ಸಪ್ಪಳ ಮಾಡಿ ಕುಡಿದೆ. ಅಂಗಿಯೆಲ್ಲ ತೊಯ್ದಿತು.

“ಕೇಳಿಸ್ತು, ಕೇಳಿಸ್ತು! ಈಗ ಕಳಸ್ತೀನಿ!” ಎಂದು ಅವನು ಕೂಗಿದ.

ಡಾಕ್ಟರ್ ಸಂಜೆಗೆ ಮುಂಚೆಯೇ ಬಂದರು. ಸೂಜಿ ಚುಚ್ಚಿದರು, ಔಷಧಿ ಕುಡಿಸಿದರು. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಹೊತ್ತು ಮುಳುಗಿತು. ಅತ್ತೆಯ ಹಣೆಯಲ್ಲಿ ಬೆವರೊಡೆಯಿತು. ಮೆಹಬೂಬ ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತು ಖರ್ಜೂರ ಬಾಯಿಗಿಟ್ಟು, ಚಾವಡಿಯಿಂದ ತಂದ ಅದೇ ತಂಬಿಗೆಯಿಂದ ನೀರು ಕುಡಿದ. ಅವನು ಕುಡಿಯುವುದನ್ನು ನೋಡುತ್ತ ನನ್ನ ಕಣ್ಣು ತುಂಬಿದವು.

ಮೂರನೇ ದಿನ ಗೌರತ್ತೆ ಗಂಜಿ ಕುಡಿದು ನನ್ನ ಚೀಲ ತಡಕಿದಳು. ಆಗಲೇ ಆ ಸೀರೆಯ ಪ್ರಶ್ನೆ. ಎಲ್ಲವನ್ನೂ ಒಪ್ಪಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇರ್ಲಿ ಬಿಡು, ಹಬ್ಬಕ್ಕ ಉಡ್ತೀನಿ” ಎಂದಳು.

ಚೀಲದಲ್ಲೇ ಬಂದಿದ್ದ ಹಳೆಯ ರಿಪೋರ್ಟ್ ಒಲೆಗೆ ಹೋಯಿತು. ಆಕೆಯ ಮಂಚದ ಪಕ್ಕದಲ್ಲೇ ಕುಳಿತು ಹೊಸದು ಬರೆದೆ: ನಡೆಯುತ್ತದೆ. ಸಿಂಧನೂರೇನು, ರಾಯಚೂರಿನವರೆಗೂ ನಡೆಯುತ್ತದೆ. ಓದಿ ಹೇಳಿದೆ. ಅತ್ತೆ ತಲೆದೂಗಿದಳು. ಆಮೇಲೆ ಒಂದು ಮಾತು ಕೇಳಿದಳು. ಅದಕ್ಕೇ ರಿಪೋರ್ಟಿಗೆ ಸಹಿ ಇನ್ನೂ ಹಾಕಿಲ್ಲ, ಸಾಹೇಬರು ಕಾಯುತ್ತಿದ್ದಾರೆ.

“ನಡೀತೈತಿ ಅಂತನ ಬರಿಯಪಾ. ಆದ್ರ ನಾ ಖರೇನ ಹೋದ ದಿನ, ನನ್ನ ಸಲುವಾಗಿ ಬಿಸಲಾಗ ಬಾಯಿ ಒಣಗಿಸ್ಕೊಂಡು ನಿಂದ್ರಾಕ ನಿಮ್ಮ ಪೆಟಿಗಿಗೆ ಬರ್ತೈತೇನು?”